ಗಾಡಿ ಹೋದ ಮೇಲೂ ಉಳಿಯಬೇಕಾದ ಮಾತು

ಗಳಗನಾಥರೆಂದೇ ನಾಡಿಗೆಲ್ಲ ಪರಿಚಿತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆದು ಅಚ್ಚು ಹಾಕಿಸಿ ಸುಮ್ಮನೆ ಕೂತವರಲ್ಲ. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ವಿದ್ಯಾವಂತರ ಮನೆಗಳಲ್ಲಿ ಮರಾಠಿಯದೇ ಮೇಲುಗೈ ಇದ್ದ ಉತ್ತರ ಕರ್ನಾಟಕದಲ್ಲಿ ಕನ್ನಡ ಕಾದಂಬರಿಗೆ ಓದುಗರನ್ನು ಅವರು ಒಬ್ಬೊಬ್ಬರನ್ನಾಗಿ ಸಂಪಾದಿಸಬೇಕಾಯಿತು. ಶಾಲಾ ಮಾಸ್ತರರಾಗಿದ್ದ ಆ ಲೇಖಕರು ಮನೆಬಾಗಿಲಿಗೆ ಬಂದು ನಿಂತಾಗ ಕೊಳ್ಳುವವನಿಗೆ ಕತೆಯ ಜತೆ ಕತೆಗಾರನ ಮಾತೂ ಸಿಗುತ್ತಿತ್ತು. ನಮ್ಮ ಸಂಚಾರಿ ಪುಸ್ತಕದಂಗಡಿಗಳ ಮೂಲಪುರುಷ ಯಾರೆಂದು ಕೇಳಿದರೆ ನಾನು ಹೇಳುವುದು ಅವರ ಹೆಸರನ್ನೇ.

ಇನ್ನೊಂದು ಹೆಸರೂ ಇದೆ, ಅದಕ್ಕೆ ನಮ್ಮ ಕರಾವಳಿಯ ನಂಟಿದೆ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದ ಎಸ್. ಆರ್. ರಂಗನಾಥನ್ ಮುಂದೆ ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದರು. 1931ರಲ್ಲಿ ಅವರ ಪಂಚಸೂತ್ರಗಳ ಗ್ರಂಥ ಹೊರಬಂತು. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವೊಂದು ಹಳ್ಳಿಗಳತ್ತ ಹೊರಟಿತು. ಪ್ರತಿ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದೇ ಇದ್ದಾನೆ, ಅವನನ್ನು ಹುಡುಕುವ ಹೊಣೆ ಪುಸ್ತಕ ಇಟ್ಟುಕೊಂಡವರದು ಎಂಬುದು ರಂಗನಾಥನ್ನರ ಮೂರನೆಯ ಸೂತ್ರದ ತಿರುಳು. ಗಳಗನಾಥರು ಕಾಲ್ನಡಿಗೆಯಲ್ಲಿ ಕಂಡುಕೊಂಡದ್ದೂ ಇದನ್ನೇ.

ಒಂದು ವ್ಯಾನಿನ ಒಳಗೋಡೆಗೆ ಕಪಾಟು ಕೂರಿಸಿ, ಪುಸ್ತಕ ಜೋಡಿಸಿ, ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂದು ಸುತ್ತುವ ಅಂಗಡಿಯನ್ನು ನೆನೆದಾಗ ನನಗೆ ಈ ಇಬ್ಬರೂ ನೆನಪಾಗುತ್ತಾರೆ. ಸುತ್ತಾಟ ಈ ನೆಲಕ್ಕೆ ಹೊಸದೇನೂ ಅಲ್ಲ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಅವರ ಪುಸ್ತಕ ಮಾರುವವರು ಜಾತ್ರೆ, ಸಂತೆಗಳಲ್ಲಿ ತಿರುಗಿದರು. ಯಕ್ಷಗಾನ ಮೇಳಗಳಂತೂ ದೀಪಾವಳಿಯ ಹೊತ್ತಿಗೆ ಹೊರಟರೆ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೇ ಗೆಜ್ಜೆ ಬಿಚ್ಚುವುದು. ಕಥೆ ತಾನಾಗಿ ಊರಿಗೆ ಬರುತ್ತದೆ, ನಾವು ಹೋಗಿ ಕೂರಬೇಕು ಎಂಬ ರೂಢಿ ಇಲ್ಲಿಯ ಜನರಿಗೆ ತಲೆಮಾರುಗಳಿಂದ ಇದೆ. ಪುಸ್ತಕದ ಗಾಡಿ ಆ ರೂಢಿಯ ಮೇಲೆ ನಿಲ್ಲಬಹುದು.

ಆದರೆ ಗಾಡಿಗೆ ಚಕ್ರವಿದೆ ಎಂಬ ಒಂದೇ ಕಾರಣಕ್ಕೆ ಪುಸ್ತಕ ಓದುಗನನ್ನು ಮುಟ್ಟುವುದಿಲ್ಲ. ಮುಟ್ಟಿಸುವುದು ಮಾತು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ.

ಪುಸ್ತಕ ಮಳಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಓದು ಬಿಟ್ಟುಹೋಗಿ ವರ್ಷಗಳಾದವರು ಪುಸ್ತಕ ಎತ್ತಿಕೊಂಡ ಕೂಡಲೇ ಅದರ ಹಿಂಬದಿ ತಿರುಗಿಸಿ ಬೆಲೆ ನೋಡುತ್ತಾರೆ. ಆಮೇಲೆ ನಡುವಿನ ಒಂದು ಪುಟ ಬಿಚ್ಚಿ, ಎರಡು ಸಾಲು ಓದಿ, ಯಾರಾದರೂ ನೋಡುತ್ತಿದ್ದಾರೋ ಎಂಬಂತೆ ಮೆಲ್ಲಗೆ ವಾಪಸಿಡುತ್ತಾರೆ. ಅಂಗಡಿಯವರು ಕೇಳಿದರೆ, “ಎಂತದಾದರೂ ಒಳ್ಳೆಯದು ಕೊಡಿ ಮಾರಾಯ್ರೆ” ಎನ್ನುತ್ತಾರೆ. ಇಲ್ಲಿ ಬಹುಮಾನ ಪಡೆದ ಪುಸ್ತಕ ತೆಗೆದು ಕೈಗಿಡುವುದು ಸುಲಭ. ನಿಜವಾದ ಪುಸ್ತಕ ವ್ಯಾಪಾರಿ ಮಾತ್ರ ತಿರುಗಿ ಕೇಳುತ್ತಾನೆ: “ಕಡೇ ಸಲ ಓದಿದ್ದು ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು?” ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಹೆಚ್ಚು ಬೆಲೆಯುಳ್ಳದ್ದು. ಓದುಗನಿಗೆ ಎಲ್ಲಿ ಬೇಸರ ಬಂತು, ಎಲ್ಲಿ ತಾನು ದಡ್ಡನೆಂಬ ಅಳುಕು ಹುಟ್ಟಿತು ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಮೊಬೈಲಿನ ಅಂಗಡಿ ನಾವು ಹಿಂದೆ ಕೊಂಡದ್ದನ್ನು ನೋಡಿ ಅಂಥದ್ದನ್ನೇ ಮತ್ತೊಂದು ತೋರಿಸುತ್ತದೆ. ಎದುರಿಗಿರುವ ಮನುಷ್ಯ ನಮ್ಮ ಮುಖ ನೋಡಿ, ನಾವು ಕೇಳದೇ ಇದ್ದ ಪುಸ್ತಕವನ್ನು ತೆಗೆದುಕೊಡಬಲ್ಲ.

ಗಾಡಿ ಸುತ್ತುವ ನಾಲ್ಕು ಊರುಗಳಿಗೆ ಒಂದೇ ಪಟ್ಟಿ ಹೊಂದುವುದಿಲ್ಲ. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದ ಹಿರಿಯರು ಉಡುಪಿಯ ಮನೆಮನೆಯಲ್ಲಿದ್ದಾರೆ. ಅವರಿಗೆ ಅಂಬಲಪಾಡಿಯ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕೊಡಬೇಕು. ಮುಂಬಯಿಯ ಕೈಗಾರಿಕಾ ಬದುಕಿನ ಆ ಕಾದಂಬರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಹಿರಿಯರ ಸೊಸೆಯಂದಿರು, ಹೆಣ್ಣುಮಕ್ಕಳು ಬಂದರೆ ವೈದೇಹಿಯವರ ಕತೆಗಳು. ಅಡುಗೆಮನೆ, ಹಿತ್ತಿಲು, ಮದುವೆಮನೆಯ ಮೂಲೆಗಳಲ್ಲಿ ಹೆಂಗಸರು ಆಡಿಕೊಂಡ ಮಾತಿಗೆ ಅಷ್ಟು ಗೌರವ ಕೊಟ್ಟವರು ಅಪರೂಪ. 1901ರಿಂದ ದೀಪಸ್ತಂಭ ನಿಂತಿರುವ ಕಾಪುವಿನ ಕಡಲತಡಿಯಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇರಲೇಬೇಕು. ಕಡಲು ಮತ್ತು ಹೊಲದ ನಡುವೆ ಒಂದು ಮನೆತನದ ಮೂರು ತಲೆಮಾರು ಬೆಂದದ್ದನ್ನು ಉಪ್ಪುಗಾಳಿಯಲ್ಲೇ ನಿಂತು ಓದುವವರಿಗೆ ಅದು ದೂರದ ಕತೆ ಅನಿಸುವುದಿಲ್ಲ. ಕಾರ್ಕಳದಲ್ಲಿ ನಂದಳಿಕೆಯ ಮುದ್ದಣನನ್ನು ಶಾಲೆಯ ಪಾಠದಾಚೆಗೆ ತರಬೇಕು. ಉಡುಪಿಯಲ್ಲಿ ವ್ಯಾಯಾಮದ ಮಾಸ್ತರನಾಗಿದ್ದುಕೊಂಡು ಬರೆದು ಮೂವತ್ತು ದಾಟುತ್ತಲೇ ತೀರಿಕೊಂಡ ಆ ಕವಿಯ ಹಾಸ್ಯ ಗಟ್ಟಿಯಾಗಿ ಓದಿದರೆ ಇಂದಿಗೂ ನಗಿಸುತ್ತದೆ. ಮಣಿಪಾಲಕ್ಕೆ ದೇಶದ ಎಲ್ಲ ಮೂಲೆಯ ಮಕ್ಕಳು ಬರುತ್ತಾರೆ. ಕನ್ನಡ ಬಾರದ ಅವರಿಗೆ 2025ರ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕರ ಕತೆಗಳನ್ನು ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ ಕೊಡಬೇಕು. ಓದಿದ ಮೇಲೆ ಅವರು ಈ ನಾಡನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಇನ್ನು ಕಾರ್ಯಕ್ರಮದ ಮಾತು. ಹಾರ, ಸ್ವಾಗತ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಮುಗಿಯುವಷ್ಟರಲ್ಲಿ ಪುಸ್ತಕದ ಬಗ್ಗೆ ಹತ್ತು ನಿಮಿಷವೂ ಉಳಿಯದ ಸಭೆಗಳಿಂದ ಯಾರೂ ಓದುಗರಾಗುವುದಿಲ್ಲ. ನಮಗೆ ಇದಕ್ಕಿಂತ ಒಳ್ಳೆಯ ಮಾದರಿ ಮನೆಯ ಚಾವಡಿಯಲ್ಲೇ ಇದೆ: ಮಳೆಗಾಲದ ತಾಳಮದ್ದಳೆ. ವೇಷವಿಲ್ಲ, ರಂಗಸ್ಥಳವಿಲ್ಲ. ಭಾಗವತರ ಎದುರಿಗೆ ಪ್ರಸಂಗದ ಪುಸ್ತಕ, ಎರಡು ಬದಿಯಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು. ‘ವಾಲಿಮೋಕ್ಷ’ದಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಮರದ ಮರೆಯಿಂದ ಬಿಟ್ಟ ಬಾಣಕ್ಕೆ ರಾಮ ಏನು ಸಮಾಧಾನ ಹೇಳುತ್ತಾನೆ ಎಂದು ಕೇಳಲು ಜನ ನಿದ್ದೆಗೆಟ್ಟು ಕೂರುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ವಾದ ಕೇಳಿದವರು ಮರುದಿನ ಬಸ್ಸಿನಲ್ಲಿ, ಹೋಟೆಲಿನಲ್ಲಿ ಅದೇ ವಾದ ಮುಂದುವರಿಸುತ್ತಿದ್ದರು. ಒಂದು ಪಠ್ಯವನ್ನು ಊರೇ ಕೂತು ಜರಡಿ ಹಿಡಿಯುವ ಇಂಥ ಪದ್ಧತಿ ಇರುವಾಗ ನಾವು ಓದುಗರ ಕೂಟಕ್ಕೆ ಬೇರೆಲ್ಲೋ ಮಾದರಿ ಹುಡುಕುವುದೇಕೆ?

ಪುಸ್ತಕದ ಗಾಡಿ ಬರುವ ಸಂಜೆ ಕಾರಂತರದೇ ‘ಚೋಮನ ದುಡಿ’ಯನ್ನು ಹೀಗೆ ಎದುರಿಗಿಟ್ಟುಕೊಳ್ಳಿ. ತನ್ನದೇ ಒಂದು ತುಂಡು ಗದ್ದೆ ಉಳಬೇಕೆಂಬ ಚೋಮನ ಪರವಾಗಿ ಒಬ್ಬರು ಮಾತಾಡಲಿ. ಧಣಿ ಸಂಕಪ್ಪಯ್ಯನ ಬಾಯಿಂದ ಇನ್ನೊಬ್ಬರು ಉತ್ತರ ಕೊಡಲಿ. 1933ರ ಆ ಕಾದಂಬರಿಯನ್ನು ಓದದೇ ಬಂದವರಿಗೂ, ಭೂಮಿ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬ ಪ್ರಶ್ನೆ ತಮ್ಮ ಮನೆಯದೇ ಎಂದು ಹೊಳೆಯುತ್ತದೆ. ಅಂದು ರಾತ್ರಿ ಐದು ಪ್ರತಿ ಮಾರಾಟವಾದರೆ ಆ ಐದೂ ಓದಿಸಿಕೊಳ್ಳುತ್ತವೆ.

ಕನ್ನಡ ಪ್ರಕಾಶನದ ಸ್ಥಿತಿಯಲ್ಲಿ ಇದಕ್ಕೆ ಹೆಚ್ಚಿನ ಅರ್ಥವಿದೆ. ಈಗ ಬಹಳಷ್ಟು ಪುಸ್ತಕಗಳ ಮೊದಲ ಮುದ್ರಣ ಸಾವಿರ ಪ್ರತಿ ದಾಟುವುದಿಲ್ಲ, ಎಷ್ಟೋ ಐನೂರಕ್ಕೆ ನಿಲ್ಲುತ್ತವೆ. ಸಾರ್ವಜನಿಕ ಗ್ರಂಥಾಲಯಗಳ ಸಗಟು ಖರೀದಿಯನ್ನು ನಂಬಿ ಅಚ್ಚಾಗುವುದೂ ಉಂಟು. ಇಲಾಖೆ ಕೊಂಡರೆ ಪ್ರಕಾಶಕ ಬದುಕಿದ, ಆದರೆ ಪುಸ್ತಕ ಓದುಗನ ಕೈಸೇರಿತೆಂದು ಅರ್ಥವಲ್ಲ. ಇತ್ತ ಮಾರಾಟಗಾರನಿಗೆ ಸಿಗುವ ಕಮಿಷನ್ನಿನಲ್ಲಿ ಡೀಸೆಲ್, ಚಾಲಕನ ಸಂಬಳ, ಮಳೆಗಾಲದಲ್ಲಿ ಬೂಸುರು ಹಿಡಿದ ಪ್ರತಿಗಳ ನಷ್ಟ ಎಲ್ಲವೂ ಕಳೆಯಬೇಕು. ಬರೀ ಮಾರಾಟದಿಂದ ಗಾಡಿ ಓಡುವುದು ಕಷ್ಟ. ಊರು ಅದಕ್ಕೆ ಹೆಗಲು ಕೊಡಬೇಕು.

ಹೆಗಲು ಕೊಡುವುದೆಂದರೆ ದೊಡ್ಡ ದೇಣಿಗೆ ಆಗಬೇಕಿಲ್ಲ. ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಎಲ್ಲ ಮತದವರೂ ಬರುತ್ತಾರೆ. ಅಲ್ಲಿ ಒಂದು ಗಾಡಿ ನಿಲ್ಲುವಷ್ಟು ಜಾಗ ಬಾಡಿಗೆಯಿಲ್ಲದೆ ಸಿಗಲಿ. ಉಡುಪಿಯ ರಥಬೀದಿಯ ಉತ್ಸವಗಳಲ್ಲೂ ಸಿಗಲಿ. ಪಂಚಾಯತಿಯ ಗ್ರಂಥಾಲಯಗಳು ಮಳೆಗಾಲದಲ್ಲಿ ಗಾಡಿಯವರಿಗೆ ಒಂದು ಕೋಣೆ, ಒಂದು ಸಂಜೆ ಬಿಟ್ಟುಕೊಡಲಿ. ಕಾಲೇಜುಗಳು ವರ್ಷಕ್ಕೊಂದು ಸಾಹಿತ್ಯ ದಿನಾಚರಣೆಯ ಬದಲು ತಿಂಗಳಿಗೊಂದು ಪುಸ್ತಕ ಆರಿಸಿ ಮಕ್ಕಳನ್ನು ವಾದಕ್ಕೆ ಹಚ್ಚಲಿ. ನಮ್ಮಂಥ ಓದುಗರು ಗಾಡಿಯ ಹತ್ತಿರ ಹೋಗಿ ನಮಗೆ ಬೇಕಾದ್ದನ್ನು ಕೊಂಡು ಬಂದರೆ ಸಾಲದು. ನಾವು ಓದಿ ಮೆಚ್ಚಿದ ಒಂದು ಪುಸ್ತಕದ ಬಗ್ಗೆ ಪಕ್ಕದಲ್ಲಿ ನಿಂತವರಿಗೆ ಎರಡು ಮಾತು ಹೇಳಬೇಕು. ಗಳಗನಾಥರು ಒಬ್ಬರೇ ಹೊತ್ತ ಹೊರೆಯಲ್ಲಿ ನಮ್ಮ ಪಾಲು ಅಷ್ಟು.

ಒಂದು ಪುಸ್ತಕಕ್ಕಾಗಿ ನೆರೆಯವರೊಡನೆ ವಾದಕ್ಕಿಳಿಯುವ ಹತ್ತು ಜನ ಒಂದು ಊರಲ್ಲಿದ್ದರೆ ಅಲ್ಲಿಗೆ ಗಾಡಿ ಮತ್ತೆ ಮತ್ತೆ ಬರುತ್ತದೆ, ಅದರ ಖರ್ಚೂ ಹುಟ್ಟುತ್ತದೆ. ಆ ಹತ್ತು ಜನ ಇಲ್ಲದ ಕಡೆ ಎಷ್ಟು ಚಂದದ ಗಾಡಿ ತಂದು ನಿಲ್ಲಿಸಿದರೂ ಜನ ಅದರ ಮುಂದೆ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಆ ಹತ್ತು ಜನರನ್ನು ಸೇರಿಸುವುದನ್ನೇ ಮೊದಲ ಕೆಲಸವಾಗಿ ಹಿಡಿಯೋಣ.