ಹೆರುವವಳನ್ನು ಕೇಳಿ



ರಾಮನಗರದ ರೇಷ್ಮೆ ಕೇರಿಯಲ್ಲೋ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹಾಸ್ಟೆಲಿನಲ್ಲೋ ಮದುವೆಯಾಗದ ಹುಡುಗಿ ಬಸಿರಾದಳು ಅನ್ನಿ. ಜನ ಕೇಳೋ ಮೊದಲ ಪ್ರಶ್ನೆ 'ಹೆಂಗಿದ್ದೀಯವ್ವ?' ಅಲ್ಲ, 'ಅವನು ಯಾವ ಜಾತಿ?' ಆಮೇಲೆ ಓದು ಬಿಡಿಸೋದು, ಊರು ಬಿಡಿಸೋದು. ಅವಳಿಗೇನು ಬೇಕು ಅಂತ ಕೇಳೋರೇ ಇಲ್ಲ.

ಬಸಿರು ತೆಗೆಸಲು 1971ರ ಕಾಯಿದೆ ಇದೆ. ಇಬ್ಬರು ಡಾಕ್ಟರು ಒಪ್ಪಿದರೆ ಮದುವೆಯಾಗದವಳೂ 24 ವಾರದವರೆಗೆ ತೆಗೆಸಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ದಿನ ಮೀರಿದವಳು ಅಥವಾ ಹೆರುತ್ತೇನೆ ಅಂದವಳು ಸಾಕಲಾರೆನಾದರೆ, 2015ರ ಬಾಲನ್ಯಾಯ ಕಾಯಿದೆಯಂತೆ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮದುವೆಯಾಗದವಳಾದರೆ ಒಪ್ಪಿಸುವ ಹಕ್ಕು ಅವಳೊಬ್ಬಳದೇ, ಆ ಗಂಡಸಿನ ಅಪ್ಪಣೆ ಬೇಕಿಲ್ಲ. ಒಪ್ಪಿಸಿದ ಮೇಲೂ ಎರಡು ತಿಂಗಳ ಗಡುವಿದೆ. ಕರುಳು ಎಳೆದರೆ ವಾಪಸು ಕೇಳಬಹುದು. ಈ ಗಡುವಿನ ವಿಷಯ ನಮ್ಮ ಕೇರಿಗಳಿಗೆ ಯಾರೂ ಬಂದು ಹೇಳಲ್ಲ. ದಾರಿ ಕೇಳಲು 1098ಕ್ಕೆ ಫೋನು ಮಾಡಿ, ಕಾಸಿಲ್ಲ. ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೂ ತಿಳಿಸಬೇಕಾಗುತ್ತೆ, ಅದೂ ಗೊತ್ತಿರಲಿ.

ಆಸ್ಪತ್ರೆ ಬಾಗಿಲಲ್ಲಿ 'ಮಕ್ಕಳಿಲ್ಲದೋರು ಇದ್ದಾರೆ, ದುಡ್ಡು ಕೊಡ್ತಾರೆ' ಅನ್ನೋನು ದತ್ತು ಕೊಡಿಸೋನಲ್ಲ, ಕೂಸು ಮಾರೋನು. ಅದಕ್ಕೆ ಐದು ವರ್ಷದವರೆಗೆ ಜೈಲಿದೆ.

ಹಾಗಂತ ದತ್ತು ಕೊಟ್ಟುಬಿಡು ಅಂತ ನಾವೂ ಒತ್ತಬಾರದು. ಬಡವಿ ಅನ್ನೋ ಒಂದೇ ಕಾರಣಕ್ಕೆ ಕೂಸು ಕೈತಪ್ಪಿದರೆ ಅದೂ ಅನ್ಯಾಯವೇ. ಸಾಕ್ತೀನಿ ಅಂದರೆ ಜೊತೆಗಿರೋಣ. ಕೊಡ್ತೀನಿ ಅಂದರೆ ಸಮಿತಿ ಬಾಗಿಲವರೆಗೂ ಜೊತೆಗೆ ಹೋಗೋಣ. ಬಸ್ ಚಾರ್ಜನ್ನು, ಆಸ್ಪತ್ರೆ ಖರ್ಚನ್ನು ಬಸಿರು ಮಾಡಿದವನಿಂದ ವಸೂಲಿ ಮಾಡೋ ಕೆಲಸ ಹಾಸ್ಟೆಲಿನ ಹುಡುಗರದು, ಅವನು ನಿಮ್ಮ ರೂಮಿನವನೇ ಆಗಿದ್ದರೂ.