ಗೋಡೆಗೆ ಬಣ್ಣ, ಜಾತಿಗೆ ಪಾಲಿಷ್



ಬೆಂಗಳೂರಿನ ದುಡ್ಡಿನವರು ಒಂದು ದಂಧೆ ಹಿಡಿದಿದ್ದಾರೆ. ಹೆಸರು ರಿನೊವೇಷನ್. ಜಯನಗರ, ಮಲ್ಲೇಶ್ವರದಂಥ ಕಡೆ ಮಕ್ಕಳೆಲ್ಲ ಅಮೆರಿಕ ಸೇರಿ ಮುದುಕ ಮುದುಕಿ ಉಳಿದ ಹಳೇ ಮನೆಗಳಿವೆಯಲ್ಲ, ಅವನ್ನು ಕೊಳ್ತಾರೆ. ವಾಸ ಮಾಡೋಕಲ್ಲ. ರೆಡ್ ಆಕ್ಸೈಡ್ ನೆಲ ಕೀಳಿಸಿ ಟೈಲ್ಸ್ ಹಾಕಿಸ್ತಾರೆ, ಅಡಿಗೆಮನೆ ಒಡೆಸಿ ಮಾಡ್ಯುಲರ್ ಕಿಚನ್ ಕೂರಿಸ್ತಾರೆ, ಈಶಾನ್ಯದಲ್ಲಿದ್ದ ಕಕ್ಕಸನ್ನು ವಾಸ್ತುವಿಗೆ ಹೆದರಿ ವಾಯವ್ಯಕ್ಕೆ ದಬ್ಬುತ್ತಾರೆ. ಬಣ್ಣ ಒಣಗೋದರೊಳಗೆ ಮಾರ್ತಾರೆ, ಇಲ್ಲಾ ಬಾಡಿಗೆಗೆ ಬಿಡ್ತಾರೆ. ಇದಕ್ಕೆ ಹೂಡಿಕೆ ಅಂತ ಮರ್ಯಾದೆಯ ಹೆಸರು.

ಮನೆ ರಿಪೇರಿ ಮಾಡಿಸಿದರೆ ನಿನಗೇನಯ್ಯ ಹೊಟ್ಟೆಯುರಿ ಅಂತ ಕೇಳುವವರಿದ್ದಾರೆ. ರಿಪೇರಿ ಮೇಲೆ ನನಗೆ ಸಿಟ್ಟಿಲ್ಲ. ಸೋರುವ ಸೂರಿನಡಿ ಮಲಗಿದವರಿಗೆ ರಿಪೇರಿ ಅಂದರೇನು ಅಂತ ಚೆನ್ನಾಗಿ ಗೊತ್ತು. ನಾನು ಕೇಳೋದು ಇಷ್ಟೇ: ಆ ಮನೆಯ ಬೆಲೆ ಏರಿಸಿದ್ದು ಯಾರ ಕೈ? ಆ ಕೈ ನಾಳೆ ಬಾಡಿಗೆಗೆ ಬಂದು ತಟ್ಟಿದರೆ ಬಾಗಿಲು ತೆರೆಯುತ್ತದೆಯೇ?

ಗೋಡೆ ಒಡೆಯುವವನು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವನು. ಮಳೆ ಕೈಕೊಟ್ಟಿತು, ತಗಡಿನ ಶೆಡ್ಡಿಗೆ ಬಂದ. ಧೂಳಿಗೆ ಮೂಗಿನ ಮೇಲೊಂದು ಟವೆಲು, ಅಷ್ಟೇ ರಕ್ಷಣೆ. ಅವನ ಹೆಂಡತಿ ಒಡೆದ ಇಟ್ಟಿಗೆಯನ್ನು ಬಾಣಲೆಯಲ್ಲಿ ಹೊತ್ತು ಮೂರು ಮಹಡಿ ಇಳೀತಾಳೆ, ಕೂಲಿ ಅವನಿಗಿಂತ ಕಮ್ಮಿ. 1996ರಲ್ಲಿ ಬಂದ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಮಾರ್ಪಾಡು, ರಿಪೇರಿ, ಕೆಡವೋದು ಎಲ್ಲಾ ಕಟ್ಟಡ ಕೆಲಸವೇ ಅಂತ ಬರೆದಿತ್ತು. ಸಂತೋಷ. ಆದರೆ ಹತ್ತು ಜನ ಕೆಲಸಗಾರರಾದರೂ ಇರಬೇಕು ಅಂತಲೂ ಬರೆದಿತ್ತು. ಒಂದು ಮನೆ ರಿಪೇರಿಗೆ ಹತ್ತು ಜನರನ್ನು ಯಾವ ದಣಿ ಇಡ್ತಾನೆ ಸ್ವಾಮಿ? ಐದಾರು ಜನದಲ್ಲಿ ಮುಗಿಸ್ತಾನೆ. ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು; ಇಲ್ಲಿ ವಾರ, ಅಲ್ಲಿ ಹತ್ತು ದಿನ ಅಂತ ಮನೆಯಿಂದ ಮನೆಗೆ ಅಲೆಯುವವನಿಗೆ ಯಾವ ಮೇಸ್ತ್ರಿ ಬರೆದುಕೊಡ್ತಾನೆ? ಇತ್ತ ಮನೆ ಮಾರಿದ ಸೌಕಾರ ಆದಾಯ ತೆರಿಗೆ ಲೆಕ್ಕದಲ್ಲಿ 'ಸುಧಾರಣೆಯ ವೆಚ್ಚ' ಅಂತ ಲಾಭದಿಂದ ಕಳೆಯಬಹುದು. ಟೈಲ್ಸಿನ ಜೊತೆ ನಮ್ಮ ಬೆವರೂ ಅವನ ಕಳೆಯುವ ಬಾಬತ್ತು.

ಕಕ್ಕಸು ಸ್ಥಳ ಬದಲಾದಾಗ ಹಳೇ ಗುಂಡಿ ಇದ್ದರೆ ಅದನ್ನು ಬರಿದು ಮಾಡಬೇಕು. ಅದಕ್ಕೆ ಮೇಸ್ತ್ರಿ ಯಾವ ಕೇರಿಗೆ ಫೋನು ಮಾಡ್ತಾನೆ ಅಂತ ನಿಮಗೆ ಹೇಳಬೇಕೆ? ತಲೆ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಮಂತ್ರಿಯಾಗಿ ನಿಲ್ಲಿಸಿದರು. 1993ರಲ್ಲಿ ಕಾಯ್ದೆ, 2013ರಲ್ಲಿ ಮತ್ತೊಂದು ಕಾಯ್ದೆ. 2023ರಲ್ಲಿ ಸುಪ್ರೀಂ ಕೋರ್ಟು ಗುಂಡಿಯಲ್ಲಿ ಸತ್ತವನ ಮನೆಯವರಿಗೆ 30 ಲಕ್ಷ ಕೊಡಿ ಅಂದಿತು. ಬದುಕಿದ್ದಾಗ ಒಂದು ಕೈಚೀಲ ಕೊಡದವರು!

ಈಗ ಮನೆ ಸಿದ್ಧ. ಗೇಟಿಗೆ ಬೋರ್ಡು: ಸಸ್ಯಾಹಾರಿಗಳಿಗೆ ಮಾತ್ರ. ತರಕಾರಿ ತಿನ್ನುವ ಹೊಲೆಯನಿಗೆ, ಮಾದಿಗನಿಗೆ ಕೊಡ್ತಾರಾ? ಬಾಯಿ ಬಿಟ್ಟು ಜಾತಿ ಕೇಳೋಕೆ ನಾಚಿಕೆ, ಅದಕ್ಕೆ ಅಡಿಗೆ ಕೇಳ್ತಾರೆ. ಆಮೇಲೆ ಪೂರ್ತಿ ಹೆಸರು, ಊರು, 'ಯಾವ ಕಡೆಯವರು'. ಹೂಡಿಕೆಯವನನ್ನು ಕೇಳಿದರೆ, ನನಗೆ ಜಾತಿ ಇಲ್ಲ ಸಾರ್, ಅಕ್ಕಪಕ್ಕದವರು ಒಪ್ಪಲ್ಲ, ರೇಟು ಬೀಳುತ್ತೆ ಅಂತಾನೆ. ರೇಟು! ಅವನು ಮಾರ್ತಿರೋದು ಟೈಲ್ಸಲ್ಲ, ನಾವಿಲ್ಲದ ಬೀದಿ.

1917ರಲ್ಲಿ ಬಡೋದೆಯಲ್ಲಿ ಬಾಬಾಸಾಹೇಬರಿಗೆ ಮನೆ ಸಿಗಲಿಲ್ಲ. ಕೊಲಂಬಿಯಾದಲ್ಲಿ ಓದಿಬಂದ ಆ ಮನುಷ್ಯನನ್ನು ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಹೊರಗಟ್ಟಿದರು. ಅವರೇ ಮುಂದೆ ನಿಂತು ರೂಪಿಸಿದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. 2005ರಲ್ಲಿ ಅದೇ ಗುಜರಾತಿನ ಒಂದು ಗೃಹನಿರ್ಮಾಣ ಸಹಕಾರ ಸಂಘ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅಂದಾಗ ಸುಪ್ರೀಂ ಕೋರ್ಟು ಅದನ್ನು ಸರಿ ಅಂದಿತು. ಈ ಬಾಗಿಲಲ್ಲಿ ನಾಳೆ ಯಾವ ಜಾತಿಯ ಸೊಸೈಟಿ ಬೇಕಾದರೂ ನುಗ್ಗಬಹುದು. ಅಮೆರಿಕದಲ್ಲಿ ಮನೆ ಮಾರಾಟ, ಬಾಡಿಗೆಯಲ್ಲಿ ಬಣ್ಣ ನೋಡಬಾರದು ಅಂತ 1968ರಲ್ಲಿ ಕಾನೂನಾಯಿತು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದೇ ವಾರಕ್ಕೆ. ಅಲ್ಲಿ ಎಲ್ಲಾ ಸರಿಹೋಯಿತು ಅಂತಲ್ಲ. ಕೋರ್ಟಿಗೆ ಹಿಡಿದುಕೊಂಡು ಹೋಗೋಕೆ ಒಂದು ಕಾಗದವಾದರೂ ಇದೆ.

ಬಾಡಿಗೆ, ಮಾರಾಟದಲ್ಲಿ ಜಾತಿ ನೋಡಿ ಮನೆ ನಿರಾಕರಿಸುವುದು ಅಪರಾಧವಾಗಬೇಕು ಅಂತ ಮುಂದಿನ ಸಭೆಯಲ್ಲಿ ಠರಾವು ತರ್ತೀನಿ. ರಿಪೇರಿ ಕೆಲಸದವರಿಗೆ 90 ದಿನದ ದಾಖಲೆಯನ್ನು ಮನೆ ಮಾಲೀಕನೇ ಬರೆದುಕೊಡಬೇಕು ಅನ್ನೋದನ್ನೂ ಅದರಲ್ಲಿ ಸೇರಿಸೋಣ. ಬರುವಾಗ ಅಂಥ ಬೋರ್ಡು ಕಂಡ ಬೀದಿಗಳ ಹೆಸರು ಬರೆದುಕೊಂಡು ಬನ್ನಿ.