ಪಚಡಿಗೆ ಬಾಟಲಿ ಯಾಕೆ?

ಅಂಗಡಿಯಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲೇ ಈಗ ಹೊಸ ಬಾಟಲಿಗಳ ಸಾಲು ಬಂದಿದೆ. ಮೇಯೊನೀಸ್, ಥೌಸಂಡ್ ಐಲ್ಯಾಂಡ್, ರ‍್ಯಾಂಚ್, ಸೀಸರ್ ಎಂದು ಹೆಸರು. ಇವೆಲ್ಲ ಸಲಾಡ್ ಡ್ರೆಸ್ಸಿಂಗ್‌ಗಳು. ಹಸಿ ತರಕಾರಿಯನ್ನು ಬರಿದೇ ತಿಂದರೆ ಸಪ್ಪೆ. ಉಪ್ಪು, ಹುಳಿ, ಖಾರ, ಸ್ವಲ್ಪ ಜಿಡ್ಡು ಸೇರಿದರೆ ರುಚಿ. ಹಾಗೆ ಸೇರಿಸುವ ಮಿಶ್ರಣವೇ ಡ್ರೆಸ್ಸಿಂಗ್. ನಮ್ಮಲ್ಲಿ ಹೆಚ್ಚಿನವರಿಗೆ ಇದರ ರುಚಿ ಹತ್ತಿದ್ದು ಶವರ್ಮಾ ಮತ್ತು ಬರ್ಗರ್‌ಗಳಿಂದ. ಈಗ ಮನೆಯ ಫ್ರಿಜ್ಜಿನಲ್ಲೂ ಒಂದು ಬಾಟಲಿ ನಿಂತಿರುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಈ ಬಾಟಲಿ ನಮಗೆ ಬೇಕಾಗಿಲ್ಲ. ಅದು ಕೊಡುವುದನ್ನು ಐದು ನಿಮಿಷದಲ್ಲಿ ನಾವೇ ಮಾಡಿಕೊಳ್ಳಬಹುದು. "ನಾವೇ" ಎಂದರೆ ಅಮ್ಮಿಯಲ್ಲ, ಅವ್ವನಲ್ಲ. ವಿದ್ಯಾರ್ಥಿಗಳಾದ ನಾವು.

ಹೆಸರು ಹೊಸದಾದರೂ ಕೆಲಸ ಹಳೆಯದು. ಜೋಳದ ರೊಟ್ಟಿಯ ಜೊತೆ ಮೆಂತ್ಯ ಸೊಪ್ಪು, ಹಕ್ಕರಕಿ, ಸವತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ತಿನ್ನುವುದು ನಮ್ಮ ಉತ್ತರ ಕರ್ನಾಟಕದ ರೂಢಿ. ಅವನ್ನು ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ ಅಥವಾ ಗುರೆಳ್ಳು ಪುಡಿ, ಉಪ್ಪು, ಖಾರ, ಹಸಿ ಎಣ್ಣೆ, ನಿಂಬೆರಸ ಹಾಕಿ ಕಲಸಿದರೆ ಪಚಡಿ. ಮೈಸೂರು ಕಡೆಯವರು ನೆನೆಸಿದ ಹೆಸರುಬೇಳೆ ಮತ್ತು ಸೌತೆಕಾಯಿಗೆ ನಿಂಬೆರಸ ಹಿಂಡಿ ಸಾಸಿವೆ ಒಗ್ಗರಣೆ ಕೊಟ್ಟು ಕೋಸಂಬರಿ ಮಾಡುತ್ತಾರೆ. ಬಿರಿಯಾನಿ ಮಾಡಿದ ದಿನ ಮನೆಯಲ್ಲಿ ಮೊಸರಿನ ರಾಯ್ತಾ ಇದ್ದೇ ಇರುತ್ತದೆ. ಇವೆಲ್ಲವೂ ಸಲಾಡ್‌ಗಳೇ. ನಾವು ಅವನ್ನು ಬಾಟಲಿಯಲ್ಲಿ ತುಂಬಿ ಮಾರಲಿಲ್ಲ, ಅಷ್ಟೇ ವ್ಯತ್ಯಾಸ.

ಬಾಟಲಿಯೊಳಗಿನ ರುಚಿಯೂ ಮೊದಲು ಹುಟ್ಟಿದ್ದು ಅಡುಗೆಮನೆಯಲ್ಲೇ. ಅಮೆರಿಕದ ಸ್ಟೀವ್ ಹೆನ್ಸನ್ ಎಂಬವರು 1954ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಜಾಗ ಕೊಂಡು ಅದಕ್ಕೆ ಹಿಡನ್ ವ್ಯಾಲಿ ರ‍್ಯಾಂಚ್ ಎಂದು ಹೆಸರಿಟ್ಟರು. ಅಲ್ಲಿಗೆ ಬಂದ ಅತಿಥಿಗಳಿಗೆ ಅವರು ಬಡಿಸುತ್ತಿದ್ದ ಡ್ರೆಸ್ಸಿಂಗ್‌ನಲ್ಲಿ ಮಜ್ಜಿಗೆ, ಮೇಯೊನೀಸ್, ಬೆಳ್ಳುಳ್ಳಿ ಮತ್ತು ಸೊಪ್ಪುಗಳಿದ್ದವು. ಜನ ಮೆಚ್ಚಿದರು. ಆಗ ಅವರು ಒಣ ಮಸಾಲೆಯ ಪೊಟ್ಟಣವನ್ನು ಅಂಚೆಯಲ್ಲಿ ಕಳಿಸತೊಡಗಿದರು. ಕೊಂಡವರು ಮಜ್ಜಿಗೆ ಮತ್ತು ಮೇಯೊನೀಸನ್ನು ತಮ್ಮ ಮನೆಯಲ್ಲೇ ಕಲಸಿಕೊಳ್ಳಬೇಕಿತ್ತು. 1972ರಲ್ಲಿ ಕ್ಲೋರಾಕ್ಸ್ ಕಂಪನಿ ಈ ವ್ಯಾಪಾರವನ್ನು 80 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಸಿದ್ಧ ರ‍್ಯಾಂಚ್ ಬಾಟಲಿ ಅಂಗಡಿಗೆ ಬಂದದ್ದು 1983ರಲ್ಲಿ. ಮಜ್ಜಿಗೆಗೆ ಬೆಳ್ಳುಳ್ಳಿ, ಕೊತ್ತಂಬರಿ ಜಜ್ಜಿ ಹಾಕುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅದೇ ಬಗೆಯ ರುಚಿಗೆ ನಾವು ದುಡ್ಡು ಕೊಡುತ್ತಿದ್ದೇವೆ.

ಮುಂದಿನ ಸಲ ಬಾಟಲಿ ಕೈಗೆ ಸಿಕ್ಕಾಗ ಅದನ್ನು ತಿರುಗಿಸಿ ಓದಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು. ಸಾಂಪ್ರದಾಯಿಕ ಮೇಯೊನೀಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಎಣ್ಣೆಯೇ ಇರುತ್ತದೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಅಂದರೆ 15 ಗ್ರಾಂ ತೂಗುವ ಒಂದು ದೊಡ್ಡ ಚಮಚ ಮೇಯೊನೀಸ್‌ನಿಂದ ಸುಮಾರು 100 ಕ್ಯಾಲೊರಿ. ಇನ್ನು ಉಪ್ಪು. ಲೇಬಲ್ಲಿನಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 2 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪೂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಟಲಿಯಲ್ಲಿ ವಿಷವಿದೆ ಎಂದು ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಕೆಡದಿರಲು ಬೇಕಾದ ಸಂರಕ್ಷಕಗಳನ್ನು ಅನುಮತಿಯ ಮಿತಿಯಲ್ಲೇ ಹಾಕುತ್ತಾರೆ. ಆದರೆ ಇಂದು ಮಾಡಿ ಇಂದೇ ತಿನ್ನುವ ಪಚಡಿಗೆ ಅದರ ಅಗತ್ಯವೇ ಇಲ್ಲ.

"ಹಾಗಾದರೆ ಮೇಯೊನೀಸನ್ನೇ ಮನೆಯಲ್ಲಿ ಮಾಡೋಣ" ಎನ್ನುವವರಿಗೆ ಒಂದು ಎಚ್ಚರಿಕೆ. ಹಸಿ ಮೊಟ್ಟೆ ಬಳಸಬೇಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಬೇಯಿಸಿದರೆ ಅದು ಸಾಯುತ್ತದೆ, ಆದರೆ ಮೇಯೊನೀಸನ್ನು ಯಾರೂ ಬೇಯಿಸುವುದಿಲ್ಲ. ಇದೇ ಕಾರಣಕ್ಕೆ ಕೇರಳ 2023ರ ಜನವರಿಯಲ್ಲಿ, ತೆಲಂಗಾಣ 2024ರ ಅಕ್ಟೋಬರ್ ಕೊನೆಯಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮೇಯೊನೀಸನ್ನು ನಿಷೇಧಿಸಿದವು. ಮನೆಯಲ್ಲಿ ಮಾಡಿದ್ದೆಲ್ಲ ತಾನಾಗಿಯೇ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಏನು ಹಾಕುತ್ತೇವೆ, ಕೈ ತೊಳೆದಿದ್ದೇವೆಯೇ, ಎಷ್ಟು ಹೊತ್ತು ಇಡುತ್ತೇವೆ ಎಂಬುದು ಮುಖ್ಯ. ಮೇಯೊನೀಸ್‌ನ ಗಟ್ಟಿತನವೇ ಬೇಕೆಂದರೆ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟು ನೀರು ಇಳಿಸಿ. ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸಿನ ಪುಡಿ ಕಲಸಿ. ರೋಲ್‌ಗೂ ಸರಿ, ಸವತೆಕಾಯಿಗೂ ಸರಿ.

ಇದು ಬರೀ ನಾಲಿಗೆಯ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದು ನಮ್ಮದೇ ವಯಸ್ಸು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. ಮೆಂತ್ಯ ಪಚಡಿಗೆ ಹಿಂಡಿದ ಹಸಿ ನಿಂಬೆರಸ ಮಾಡುವ ಕೆಲಸ ಇದೇ. ಗಜ್ಜರಿಯಲ್ಲಿರುವ ಬೀಟಾ ಕ್ಯಾರೊಟಿನ್ ದೇಹ ಸೇರಲು ಸ್ವಲ್ಪ ಎಣ್ಣೆ ಬೇಕು. ಹಿರಿಯರು ಹಚ್ಚುತ್ತಿದ್ದ ಒಂದು ಚಮಚ ಹಸಿ ಎಣ್ಣೆ ಅದಕ್ಕೆ ಸಾಕು. ಪಚಡಿ ಔಷಧಿಯಲ್ಲ. ರಕ್ತಹೀನತೆ ಇದ್ದವರು ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು. ಆದರೆ ತಟ್ಟೆಯಲ್ಲಿ ದಿನವೂ ಹಸಿರು ಇರಬೇಕಾದರೆ ಅದು ರುಚಿಯಾಗಿರಬೇಕು.

ಮಾಡುವ ಬಗೆ ಎರಡು. ಮೊದಲನೆಯದಕ್ಕೆ ಒಲೆಯೂ ಬೇಡ, ಹಾಸ್ಟೆಲ್‌ನಲ್ಲೂ ಮಾಡಬಹುದು. ಮುಚ್ಚಳವಿರುವ ಸಣ್ಣ ಡಬ್ಬಿಗೆ ಎರಡು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ, ಚಿಟಿಕೆ ಉಪ್ಪು, ಚಿಟಿಕೆ ಸಾಸಿವೆ ಪುಡಿ, ಬೇಕಿದ್ದರೆ ಸ್ವಲ್ಪ ಬೆಲ್ಲದ ಪುಡಿ ಹಾಕಿ ಜೋರಾಗಿ ಅಲುಗಾಡಿಸಿ. ಎಣ್ಣೆಗೂ ನಿಂಬೆರಸಕ್ಕೂ ಕೂಡಿಬಾಳುವ ಗುಣವಿಲ್ಲ. ಸಾಸಿವೆ ಅವೆರಡನ್ನೂ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಎರಡನೆಯದು ಶೇಂಗಾ ಮೊಸರು. ಹುರಿದು ಸಿಪ್ಪೆ ತೆಗೆದ ಶೇಂಗಾದ ಪುಡಿ ಮೂರು ಚಮಚ, ಒಂದು ಬಟ್ಟಲು ಮೊಸರು, ಒಂದು ಎಸಳು ಬೆಳ್ಳುಳ್ಳಿ, ಅರ್ಧ ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು. ಎಲ್ಲವನ್ನೂ ಕಲಸಿದರೆ ಮುಗಿಯಿತು. ಶೇಂಗಾ ಒಗ್ಗದವರಿದ್ದರೆ ಮೊದಲೇ ಕೇಳಿಕೊಳ್ಳಿ. ಆ ಹೊತ್ತಿಗೆ ಬೇಕಾದಷ್ಟೇ ಮಾಡಿ. ಹಸಿ ಬೆಳ್ಳುಳ್ಳಿ ಬೆರೆಸಿದ ಎಣ್ಣೆಯನ್ನು ಹೊರಗೆ ದಿನಗಟ್ಟಲೆ ಇಡುವುದು ಅಪಾಯ.

"ಮನೆಯಲ್ಲೇ ಮಾಡಿ" ಎಂಬ ಉಪದೇಶ ಕೊನೆಗೆ ಬೀಳುವುದು ತಾಯಂದಿರ ತಲೆಯ ಮೇಲೆ. ಬೆಳಿಗ್ಗೆ ನಮ್ಮ ಡಬ್ಬಿ ಕಟ್ಟಿ, ಮಧ್ಯಾಹ್ನ ಅಡುಗೆ ಮಾಡಿ, ರಂಜಾನ್ ತಿಂಗಳಲ್ಲಿ ಸಹರಿಗೂ ಇಫ್ತಾರಿಗೂ ನಿಲ್ಲುವವರಿಗೆ ಇನ್ನೊಂದು ಕೆಲಸ ಹೆಚ್ಚಿಸುವುದಾದರೆ ಬಾಟಲಿಯೇ ವಾಸಿ. ಎಷ್ಟೋ ಮನೆಗಳಲ್ಲಿ ಬಾಟಲಿ ಬಂದದ್ದು ಅವರ ದಣಿವಿನಿಂದಲೇ. ಆದ್ದರಿಂದ ಈ ಒಂದು ಕೆಲಸ ನಮ್ಮದಾಗಲಿ, ಹುಡುಗಿಯರದಷ್ಟೇ ಅಲ್ಲ, ಹುಡುಗರದೂ. ಒಲೆ ಹಚ್ಚಲು ಬಾರದವನಿಗೂ ನಿಂಬೆಹಣ್ಣು ಹಿಂಡಲು ಬರುತ್ತದೆ. ಮೊಬೈಲ್ ನೋಡುತ್ತಾ ಊಟಕ್ಕೆ ಕಾಯುವ ಆ ಐದು ನಿಮಿಷವೇ ಸಾಕು.

ಕಾಲೇಜಿಗೂ ಎರಡು ಸಲಹೆಗಳಿವೆ. ಕ್ಯಾಂಟೀನಿನಲ್ಲಿ ಸಾಸ್ ಪೊಟ್ಟಣಗಳ ಪಕ್ಕದಲ್ಲಿ ಹೆಚ್ಚಿದ ನಿಂಬೆಹಣ್ಣು ಮತ್ತು ಅಂದೇ ಮಾಡಿದ ಮೊಸರಿನ ಚಟ್ನಿ ಇಡಲಿ. ಯಾವುದು ಮೊದಲು ಖಾಲಿಯಾಗುತ್ತದೆ ನೋಡೋಣ. ಈ ವರ್ಷದ ಆಹಾರ ಮೇಳದಲ್ಲಿ ಪಚಡಿ, ಕೋಸಂಬರಿ, ರಾಯ್ತಾಗಳಿಗೆ ಒಂದು ಮೇಜು ಮೀಸಲಿಟ್ಟು, ಪಕ್ಕದಲ್ಲಿ ಬಾಟಲಿಗಳ ಲೇಬಲ್ ಓದಿ ಹೇಳುವ ಕೆಲಸವನ್ನು ವಿಜ್ಞಾನ ವಿಭಾಗದವರು ವಹಿಸಿಕೊಳ್ಳಲಿ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ಗಾದೆ. ಊಟ ಬಲ್ಲವರಾಗಲು ತಟ್ಟೆಯಲ್ಲಿ ಏನಿದೆ ಎಂದು ಮೊದಲು ತಿಳಿದಿರಬೇಕು. ನಾವೇ ಕಲಸಿದ್ದರಲ್ಲಿ ಏನಿದೆ ಎಂದು ತಿಳಿಯಲು ಲೇಬಲ್ ಬೇಕಾಗುವುದಿಲ್ಲ.